ನೋಡಬಹುದು, ಬರೆಯಬಾರದು

"ನಂಬರ್ ಇಲ್ದೆ ಫೈಲ್ ಕೇಳೋಕೆ ಬಂದಿದೀಯಲ್ಲೇ, ಗಂಡಿಲ್ದೆ ಮದ್ವೆ ಆದ್ಯೇನೇ ನೀನು?"

ಕೋರ್ಟಿನ ದಾಖಲೆ ಕೋಣೆಯ ಗುಮಾಸ್ತ ಇದನ್ನು ಕಿಂಡಿಯ ಒಳಗಿನಿಂದ ಹೇಳಿದ. ಕಿಂಡಿ ಎಷ್ಟು ತಗ್ಗಿನಲ್ಲಿತ್ತೆಂದರೆ, ಯಾರೇ ಬಂದರೂ ಸೊಂಟ ಬಗ್ಗಿಸಿ, ಕತ್ತು ಓರೆ ಮಾಡಿ ಮಾತಾಡಬೇಕು. ಗಿಳಿ ಹಾಗೆಯೇ ಬಗ್ಗಿ ನಿಂತಿದ್ದಳು. ಲಾಂಡ್ರಿಯ ತೊಟ್ಟಿಯ ಮೇಲೆ ಬಗ್ಗಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವವಳಿಗೆ ಬಗ್ಗುವುದು ಹೊಸದಲ್ಲ. ಆದರೆ ತೊಟ್ಟಿ ಯಾವತ್ತೂ ಅವಳನ್ನು ಬೈದಿರಲಿಲ್ಲ.

"ಹೆಸರು ಗೊತ್ತಲ್ಲ ಸಾರ್. ಸಾಹುಕಾರ್ರ ಹೆಸರು, ನಮ್ಮ ಮಾವನ ಹೆಸರು..."

"ಹೆಸರು ತಗೊಂಡು ನಾನೇನ್ ನೆಕ್ಕಲಾ? ಒಳಗೆ ನಂಬರ್ ಪ್ರಕಾರ ಜೋಡ್ಸಿದೀವಿ. ನಂಬರ್ ತಾ."

"ನಂಬರ್ ಎಲ್ಲಿ ಸಿಗುತ್ತೆ ಸಾರ್?"

"ಫೈಲ್ ಮೇಲೆ ಬರ್ದಿರುತ್ತೆ."

ಗಿಳಿಗೆ ನಗು ಬಂತು. ಅದನ್ನು ಸೆರಗಿನಲ್ಲಿ ಒತ್ತಿ ಹಿಡಿದಳು. ಗುಮಾಸ್ತ ಮಾತ್ರ ನಗಲಿಲ್ಲ. ಅವನು ತಮಾಷೆ ಮಾಡಿರಲಿಲ್ಲ.

"ನೋಟೀಸಲ್ಲೂ ಇರತ್ತೆ. ಅಮೀನ ಬಂದು ಬಾಗ್ಲಿಗೆ ಅಂಟಿಸಿ ಹೋಗಿದಾನಲ್ಲ, ಅದೆಲ್ಲಿ?"

"ತೊಳೆದುಬಿಟ್ವಿ ಸಾರ್."

"ಏನು?"

"ನಮ್ಮತ್ತೆ ತೊಳೆದುಬಿಟ್ರು."

ನಡೆದದ್ದು ಅಷ್ಟೇ. ಲಾಂಡ್ರಿಯ ಹಿಂದಿನ ಸಾಲುಮನೆಗಳಲ್ಲಿ ಒಗೆಯುವವರೂ ಇಸ್ತ್ರಿಯವರೂ ಮೂರು ತಲೆಮಾರಿನಿಂದ ಇದ್ದಾರೆ. ಕೋರ್ಟಿನ ಅಮೀನ ಬಂದ ದಿನ ಎಲ್ಲರೂ ತೊಟ್ಟಿಯ ಹತ್ತಿರವಿದ್ದರು. ಸಂಜೆ ಮೊದಲು ಮನೆಗೆ ಬಂದ ಅತ್ತೆಯ ಕಣ್ಣಿಗೆ ಬಿದ್ದದ್ದು, ಬಾಗಿಲ ಮೇಲೆ ಅಂಟಿನಲ್ಲಿ ಮೆತ್ತಿಕೊಂಡ, ಶಾಯಿ ಸೋರಿದ ಒಂದು ಕೊಳಕು ಹಾಳೆ. ಅವಳಿಗೆ ಓದು ಬರದು. ಕೊಳೆ ಮಾತ್ರ ಯಾವ ಲಿಪಿಯಲ್ಲಿದ್ದರೂ ಗೊತ್ತಾಗುತ್ತದೆ. ಬಿಸಿನೀರು, ಸೋಡಾ, ತೆಂಗಿನ ನಾರು ತಂದಳು. ಸೊಸೆ ಬರುವಷ್ಟರಲ್ಲಿ ಬಾಗಿಲು ಹೊಸ ಬಾಗಿಲಿನಂತೆ ಹೊಳೆಯುತ್ತಿತ್ತು. "ಯಾವನೋ ಬೋಳಿಮಗ ನಮ್ಮ ಬಾಗ್ಲಿಗೆ ಗಲೀಜು ಬಳಿದಿದ್ದ ಕಣೇ, ಒಂದ್ ಚೂರು ಬಿಡದ ಹಾಗೆ ಉಜ್ಜಿದೀನಿ, ನೋಡು" ಎಂದು ಹೆಮ್ಮೆಯಿಂದ ತೋರಿಸಿದಳು.

ಸೋಮವಾರ ಮನೆಗಳನ್ನು ಖಾಲಿ ಮಾಡಿಸುತ್ತಾರೆ ಎಂಬ ಸುದ್ದಿಯನ್ನು ಮರುದಿನ ಲಾಂಡ್ರಿಯ ಸಾಹುಕಾರನೇ ಬಾಯಿಬಿಟ್ಟು ಹೇಳಿದ. ಬೆಳಿಗ್ಗೆ ತೊಟ್ಟಿಗಳ ನಡುವೆ, ಪಂಚೆ ಎತ್ತಿಕೊಂಡು, ನೀರು ತುಳಿಯದಂತೆ ಕೊಕ್ಕರೆಯ ಹೆಜ್ಜೆ ಹಾಕುತ್ತಾ ಬಂದ.

"ಕೋರ್ಟಿಂದ ಆರ್ಡರ್ ಆಗಿದೆ. ಕೆಲಸ ಇರತ್ತೆ, ಮನೆ ಇರಲ್ಲ. ಬೇಕಾದೋರು ಹೊರಗಿಂದ ಬಂದು ಒಗೀರಿ."

"ಯಾರ ಮೇಲೆ ಕೇಸ್ ಹಾಕಿದ್ರಿ ಸಾಮಿ? ನಮಗ್ಯಾರಿಗೂ ಗೊತ್ತಿಲ್ವಲ್ಲ" ಎಂದಳು ಅತ್ತೆ.

"ನಿನ್ನ ಗಂಡನ ಮೇಲೆ. ಅವನೇ ಅಲ್ವಾ ನಿಮ್ಮ ಮೇಸ್ತ್ರಿ?"

"ಅವರು ಸತ್ತೋಗಿ ಯಾವ ಕಾಲ ಆಯ್ತು! ಹೆಣಕ್ಕೆ ಹೊದಿಸಿದ ಬಟ್ಟೇನೂ ನೀವೇ ಕೊಟ್ಟಿದ್ರಿ, ಸಂಬಳದಲ್ಲಿ ಹಿಡ್ಕೊಂಡು!"

"ಅದೇನಿದ್ರೂ ಕೋರ್ಟಲ್ಲಿ ಹೇಳ್ಕೊ" ಎಂದು ಸಾಹುಕಾರ ಕೆಮ್ಮಿದ. ಅವನು ಹೋದ ಮೇಲೆ ಗಿಳಿ ಅದೇ ಕೆಮ್ಮು ಕೆಮ್ಮಿ, ಇಲ್ಲದ ಪಂಚೆ ಎತ್ತಿಕೊಂಡು ಕೊಕ್ಕರೆಯಂತೆ ನಡೆದಳು. ಒಬ್ಬರೂ ನಗಲಿಲ್ಲ. ಆಸ್ಪತ್ರೆಯ ಮೇಟ್ರನ್ನಿನಿಂದ ಹಿಡಿದು ಬಾಯ್ಲರಿನ ಸಿಳ್ಳಿನವರೆಗೆ ಎಲ್ಲದರ ದನಿ ತೆಗೆಯುವುದಕ್ಕೇ ಅವಳಿಗೆ ಗಿಳಿಯೆಂದು ಹೆಸರು ಬಿದ್ದದ್ದು. ನಕಲು ಮಾಡುವುದರಲ್ಲಿ ಎತ್ತಿದ ಕೈ. ನಕಲು ಪಡೆಯುವುದರಲ್ಲಿ ಮಾತ್ರ ಈಗ ಬರಿಗೈ.

ಕೋರ್ಟಿನ ಗೇಟಿನ ಹೊರಗೆ ತಗಡಿನ ಮರೆಯಲ್ಲಿ ಕೂರುವ ಟೈಪಿಸ್ಟ್ ಅವಳಿಗೆ ದಾರಿ ಹೇಳಿದ್ದ. ಕೀಲಿಗಳ ಮೇಲಿಂದ ಕಣ್ಣೆತ್ತದೆ ಹೇಳಿದ್ದ.

"ಮೇಲಿನ ಕೋರ್ಟಿಗೆ ಹೋಗಿ ತಡೆ ತರ್ಬೇಕು. ಅಲ್ಲಿ ಮೊದ್ಲು ಕೇಳೋದೇ ಈ ಕೋರ್ಟಿನ ಆರ್ಡರಿನ ನಕಲು. ಸೀಲು ಬಿದ್ದ ನಕಲು. ಅದಿಲ್ದೆ ಯಾವ ವಕೀಲನೂ ನಿನ್ನ ಮುಖ ನೋಡಲ್ಲ."

"ಕೋರ್ಟ್ ದಾಖಲೆ ಎಲ್ರೂ ನೋಡ್ಬೋದು ಅಂತ ಅಲ್ಲಿ ಬೋರ್ಡ್ ಹಾಕಿದಾರಲ್ಲಣ್ಣಾ?"

"ಬೋರ್ಡ್ ಎಲ್ರೂ ನೋಡ್ಬೋದು. ದಾಖಲೆ ಮಾತ್ರ ಗುಮಾಸ್ತ ತೋರ್ಸಿದೋರು ನೋಡ್ಬೋದು."

ಅವಳು ಮತ್ತೆ ಕಿಂಡಿಗೆ ಹೋದಳು. ಮಾವನ ಮರಣ ಪ್ರಮಾಣಪತ್ರವನ್ನು ಈ ಸಲ ಒಳಕ್ಕೆ ತಳ್ಳಿದಳು. ಗುಮಾಸ್ತ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ನಕಲು ಬೇಕಂದ್ರೆ ಪಾರ್ಟಿ ಬಂದು ಸಹಿ ಹಾಕ್ಬೇಕು."

"ಪಾರ್ಟಿ ಸತ್ತಿದಾರೆ ಸಾರ್. ಅದೇ ಪತ್ರ ಅದು."

"ಇದು ಆ ಆಫೀಸಿನ ಪತ್ರ. ಈ ಆಫೀಸಲ್ಲಿ ಅವನು ಬದುಕಿದಾನೆ. ನೋಟೀಸ್ ಹೋಗಿದೆ, ಬಂದಿಲ್ಲ ಅಂತ ಆರ್ಡರ್ ಆಗಿದೆ. ಸತ್ತೋನಿಗೆ ಯಾರಾದ್ರೂ ಆರ್ಡರ್ ಮಾಡ್ತಾರಾ?"

"ಹಾಗಾದ್ರೆ ವಾರಸುದಾರರು ಅಂತ ನಾವು ಕೇಳ್ತೀವಿ."

"ವಾರಸುದಾರ್ರು ಆಗ್ಬೇಕಂದ್ರೆ ಅವನು ಸಾಯ್ಬೇಕು. ಇಲ್ಲಿ ಸತ್ತಿಲ್ಲ ಅಂತ ಈಗ ತಾನೆ ಹೇಳ್ದೆ."

"ಹೊರಗಿನೋರು ಅಂತಾನಾದ್ರೂ..."

"ಹೊರಗಿನೋರಿಗೆ ಜಡ್ಜ್ ಸಾಹೇಬ್ರ ಅನುಮತಿ ಬೇಕು. ಸಾಹೇಬ್ರು ರಜೆ."

ಗಿಳಿ ಕಿಂಡಿಯ ಕಟ್ಟೆಯನ್ನು ಹಿಡಿದುಕೊಂಡೇ ನಿಂತಳು. ಒಳಗೂ ಇಲ್ಲ, ಹೊರಗೂ ಇಲ್ಲ, ಸತ್ತವರ ಕಡೆಯೂ ಇಲ್ಲ, ಬದುಕಿದವರ ಕಡೆಯೂ ಇಲ್ಲ. ಹಿಂದೆ ಸರತಿಯಲ್ಲಿದ್ದವನು "ಬೇಗ ಮುಗಿಸಮ್ಮಾ, ನಮಗೂ ಹೆಂಡ್ತಿ ಮಕ್ಕಳಿದಾರೆ" ಎಂದು ಗೊಣಗಿದ. ಗುಮಾಸ್ತ ಅವಳ ಕೈಗಳನ್ನೇ ನೋಡುತ್ತಿದ್ದ. ಸೋಡಾ ತಿಂದು ಸಿಪ್ಪೆ ಎದ್ದ ಬೆರಳುಗಳು.

"ಲಾಂಡ್ರಿಯೋಳಾ ನೀನು?"

"ಹೂಂ ಸಾರ್."

"ಇಸ್ತ್ರೀನೂ ಬರತ್ತಾ?"

ಅಂದಿನಿಂದ ಗುಮಾಸ್ತನ ಮನೆಯ ಗಂಟು ಸಾಲುಮನೆಗೆ ಬರತೊಡಗಿತು. ಮೊದಲು ಅಂಗಿಗಳು. ಆಮೇಲೆ ಹಾಸಿಗೆ ಬಟ್ಟೆ, ಹೆಂಡತಿಯ ಲಂಗ, ಮಗುವಿನ ಉಚ್ಚೆಬಟ್ಟೆ. ಕೊನೆಗೆ ಅವನ ಒಳಚಡ್ಡಿಗಳು, ಒಗೆಯದೆ, ಹೇಗಿದ್ದವೋ ಹಾಗೇ. ಅಂಗಿಯನ್ನು ಕಿಂಡಿಯಲ್ಲಿ ಬಿಡಿಸಿ ನೋಡಿ, "ಕಾಲರ್ ನಿಂತಿಲ್ಲ. ನಿನ್ನ ಫೈಲೂ ಹೀಗೇ ಮಲಗಿರ್ಲಾ?" ಎಂದು ವಾಪಸು ಎಸೆದ.

ಅತ್ತೆ ಗಂಟನ್ನು ಕಾಲಲ್ಲಿ ಒದ್ದಳು.

"ಅವನ ಹೇಲು ಚಡ್ಡಿ ಒಗೆದು ನ್ಯಾಯ ತರ್ಬೇಕೇನೇ? ಥೂ, ಹಲ್ಕಾ ನನ್ಮಗ!"

"ಬಿಡಿ ಅತ್ತೆ. ಆಸ್ಪತ್ರೇಲಿ ಇದಕ್ಕಿಂತ ಗಲೀಜು ಒಗೆದಿದೀವಿ."

"ಅವು ಕಾಯಿಲೆಯೋರ್ದು ಕಣೇ!"

ಗಿಳಿ ಕಾಲರಿಗೆ ಗಂಜಿ ಹಾಕಿ, ಹಲಗೆಯ ಹಾಗೆ ನಿಲ್ಲಿಸಿದಳು.

ಶನಿವಾರ ಮಧ್ಯಾಹ್ನದ ತನಕ ಮಾತ್ರ ಕಚೇರಿ. ಅಂದು ಗುಮಾಸ್ತ ಗಂಜಿ ಹಾಕಿದ ಅಂಗಿ ತೊಟ್ಟು, ಕತ್ತು ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸಿ ಕೂತಿದ್ದ. ರಿಜಿಸ್ಟರು ತೆಗೆದ. ಸಾಹುಕಾರನ ಹೆಸರಿನ ಮೇಲೆ ಬೆರಳು ಆಡಿಸಿದ. ನಂಬರು ಸಿಕ್ಕಲು ಒಂದು ಆಕಳಿಕೆಯಷ್ಟು ಹೊತ್ತು ಹಿಡಿಯಿತು.

"ಇಷ್ಟೇನಾ ಸಾರ್?"

"ಮತ್ತೇನು, ತೇರು ಎಳೀತಾರೆ ಅಂದ್ಕೊಂಡಿದ್ಯಾ? ನಕಲು ಆಗಲ್ಲ. ಕಣ್ಣಲ್ಲಿ ನೋಡ್ಕೊಂಡು ಹೋಗು. ಒಬ್ಳೇ ಬಾ ಒಳಗೆ. ನೋಡ್ಬೋದು, ಬರೀಬಾರ್ದು. ಫೋನ್ ಹೊರಗಿಡು. ಪೆನ್ ಹೊರಗಿಡು. ಹಾಳೆ ಮಡಿಚಿದ್ರೆ ನಿನ್ನ ಕೈ ಮಡಿಚ್ತೀನಿ."

ದಾಖಲೆ ಕೋಣೆ ಅರ್ಧ ನೆಲದೊಳಗಿತ್ತು. ಮೆಟ್ಟಿಲಿಳಿದರೆ ಮೂಗಿಗೆ ಬಡಿಯುವುದು ಹಳೆ ಕಾಗದದ ಮುಗ್ಗಲು ವಾಸನೆ. ಮಾಡಿನವರೆಗೆ ಕೆಂಪು ಬಟ್ಟೆಯ ಕಟ್ಟುಗಳು. ಎತ್ತರದಲ್ಲಿ ಒಂದೇ ಒಂದು ಕಿಟಕಿ, ಕಂಬಿ ಹಾಕಿದ್ದು; ಅದರಾಚೆ ಅಂಗಳದ ನೆಲ, ಹೋಗಿ ಬರುವವರ ಕಾಲುಗಳು ಮಾತ್ರ ಕಾಣುತ್ತವೆ. ಆ ಕಾಲುಗಳ ನಡುವೆ ಗಿಳಿಗೆ ಅತ್ತೆಯ ಒಡೆದ ಹಿಮ್ಮಡಿ ಗುರುತು ಸಿಕ್ಕಿತು. ಅದರ ಪಕ್ಕದಲ್ಲಿ ಸಾಲುಮನೆಯ ಹೆಂಗಸರೆಲ್ಲರ ಕಾಲುಗಳು, ನೀರಲ್ಲಿ ನೆಂದು ಬಿಳಿಚಿದವು. ಏನಾಯಿತೆಂದು ಕೇಳಲು ಕೆಲಸ ಬಿಟ್ಟು ಬಂದಿದ್ದರು.

ಗುಮಾಸ್ತ ಫೈಲನ್ನು ಮೇಜಿನ ಮೇಲೆ ಒಗೆದ. ಬೆರಳಿನಷ್ಟೂ ದಪ್ಪವಿರಲಿಲ್ಲ. ಗಿಳಿ ಏಳನೇ ಕ್ಲಾಸು ಓದಿದವಳು. ಮೊದಲ ಹಾಳೆ ಓದಿದಳು. ಎರಡನೆಯದರಲ್ಲಿ ನಿಂತಳು. ಇನ್ನೊಮ್ಮೆ ಓದಿದಳು. ಇಷ್ಟನ್ನೂ ನೆನಪಿಟ್ಟುಕೊಂಡು ಹೋಗಿ ಹೊರಗಿನವರಿಗೆ ಹೇಗೆ ಹೇಳುವುದು? ಹೇಳಿದರೂ ನಂಬುವವರು ಯಾರು?

"ಸಾರ್, ಬರೀಬಾರ್ದು ಅಂದ್ರಿ. ಓದ್ಬೋದಲ್ವಾ?"

"ಓದೋಕೆ ತಾನೇ ಕೊಟ್ಟಿರೋದು, ಓದಿ ಸಾಯಿ."

ಗಿಳಿ ಫೈಲು ಎತ್ತಿಕೊಂಡು ಕಿಟಕಿಯ ಕೆಳಗಿನ ಮರದ ಪೆಟ್ಟಿಗೆಯ ಮೇಲೆ ಹತ್ತಿ ನಿಂತಳು. ಅವಳ ಗಂಟಲಿನಿಂದ ಹೊರಟದ್ದು ಅವಳ ದನಿಯಲ್ಲ. ಕೋರ್ಟ್ ಹಾಲ್‌ನಲ್ಲಿ ಹೆಸರು ಕೂಗುವ ಜವಾನನ ದನಿ, ದಪ್ಪ, ಮೂಗಿನಲ್ಲಿ ಎಳೆದದ್ದು. ಅಂಗಳದ ಕಾಲುಗಳು ತಟ್ಟನೆ ನಿಂತವು.

"ಸದರಿ ಪ್ರತಿವಾದಿಗೆ ನೋಟೀಸು ಖುದ್ದಾಗಿ ಜಾರಿಯಾಗಿದ್ದು, ಪ್ರತಿವಾದಿಯು ನೋಟೀಸನ್ನು ಸ್ವೀಕರಿಸಲು ನಿರಾಕರಿಸಿರುತ್ತಾನೆ!"

"ಯಾರೇ ನಿರಾಕರ್ಸಿದ್ದು?" ಅತ್ತೆಯ ಮುಖ ಕಂಬಿಯ ಹತ್ತಿರ ಬಗ್ಗಿತು.

"ಮಾವ, ಅತ್ತೆ!"

"ಹೂತ ಮೇಲಾ?"

ಹೊರಗೆ ಯಾರೋ ಕಿಸಕ್ಕನೆ ನಕ್ಕರು. ಆ ನಗು ಹರಡಿತು. ವಕೀಲರ ಕಪ್ಪು ಬೂಟುಗಳೂ ಬಂದು ನಿಂತವು.

"ಏಯ್ ಮುಂಡೇ, ಬಾಯ್ ಮುಚ್ಚು! ಇಳಿಯೇ ಕೆಳಗೆ!" ಗುಮಾಸ್ತ ಎದ್ದ. ಮೇಜಿಗೂ ಕಟ್ಟುಗಳಿಗೂ ನಡುವೆ ಅವನ ಹೊಟ್ಟೆ ಸಿಕ್ಕಿಕೊಂಡಿತು.

ಈಗ ಗಿಳಿಯ ಬಾಯಲ್ಲಿ ಸಾಹುಕಾರ ಕೆಮ್ಮಿದ. "ಸದರಿ ಸ್ವತ್ತಿನಲ್ಲಿ, ಕ್ಹುಂ, ಹಳೆಯ ಗುಜರಿ ಸಾಮಾನು ಬಿಟ್ಟರೆ ಮನುಷ್ಯರು ಯಾರೂ ವಾಸವಿರುವುದಿಲ್ಲ!"

ಈ ಸಲ ಯಾರೂ ನಗಲಿಲ್ಲ.

"ಇನ್ನೊಂದ್ಸಲ ಓದೇ" ಎಂದಳು ಅತ್ತೆ.

"ಮನುಷ್ಯರು ಯಾರೂ ವಾಸವಿರುವುದಿಲ್ಲ."

ಗುಮಾಸ್ತ ಅವಳ ಕಾಲಿಗೆ ಕೈ ಹಾಕಿದ. ಅವಳು ಒದ್ದಳು. ಗಂಜಿಯ ಕಾಲರು ಮುರಿದು ಮಲಗಿತು. ಅವನು ಹಿಂದೆ ಹಿಂದೆ ಸರಿದು ಬಾಗಿಲು ದಾಟಿ, ಹೊರಗಿನಿಂದ ಚಿಲಕ ಎಳೆದ. "ಅಲ್ಲೇ ಕೊಳೀತಿರು ಲೌಡೀ! ಪೊಲೀಸ್ ಕರ್ಕೊಂಡು ಬರ್ತೀನಿ!"

ಚಿಲಕ ಬಿದ್ದ ಸದ್ದಿಗೆ ಅವಳು ಸುತ್ತ ನೋಡಿದಳು. ಕಟ್ಟುಗಳು, ಗೋಡೆ, ಕಂಬಿ. ಸೋಮವಾರದ ಹೊತ್ತಿಗೆ ಮನೆಯಿರುವುದಿಲ್ಲ, ಇವತ್ತಿನಿಂದಲೇ ತಾನೂ ಹೊರಗಿರುವುದಿಲ್ಲ. ಅಂಗಳದ ಕಡೆಯಿಂದ ಟಕಟಕ ಸದ್ದು ಬಂತು. ಕಂಬಿಯ ಬಳಿ ಇಬ್ಬರು ಹೆಂಗಸರು ಟೈಪಿಸ್ಟನ ಮೇಜನ್ನು ಮೆಷಿನ್ನಿನ ಸಮೇತ ಎತ್ತಿ ತಂದು ಇಟ್ಟಿದ್ದರು. ಅವನೂ ಬೈದುಕೊಳ್ಳುತ್ತಾ ಹಿಂದೆಯೇ ಬಂದು, ಕೀಲಿಗಳನ್ನು ಒತ್ತಿ ನೋಡುತ್ತಿದ್ದ.

"ನಿಧಾನ ಓದೇ ತಾಯಿ, ನನ್ನದು ಮೆಷಿನ್ನು, ನಿನ್ನ ನಾಲಿಗೆ ಅಲ್ಲ. ಇದಕ್ಕೆ ಸೀಲಿಲ್ಲ, ಮೂರು ಕಾಸಿನ ಬೆಲೆಯಿಲ್ಲ, ಈಗ್ಲೇ ಹೇಳಿರ್ತೀನಿ."

"ಹೊಡಿ ಅಣ್ಣಾ" ಎಂದಳು ಗಿಳಿ. ಈಗ ತನ್ನ ದನಿಯಲ್ಲೇ, ಒಂದೊಂದು ಪದವನ್ನೂ ಬಟ್ಟೆ ಜಾಲಿಸುವ ಹಾಗೆ ಜಾಲಿಸಿ ಓದತೊಡಗಿದಳು. ಹೆಂಗಸರು ಅವಳ ಹಿಂದೆಯೇ ಒಂದೊಂದು ಸಾಲನ್ನೂ ಹೇಳಿಕೊಂಡರು.

ಚಿಲಕ ತೆಗೆದಾಗ ಗುಮಾಸ್ತನ ಜೊತೆ ಒಬ್ಬ ಪೇದೆಯಿದ್ದ. ಪೇದೆ ಪೆಟ್ಟಿಗೆಯ ಹತ್ತಿರ ಬಂದು ಅವಳ ಮಣಿಕಟ್ಟು ಹಿಡಿದ.

"ಯಾರೇ ನೀನು? ಎಲ್ಲೇ ನಿನ್ನ ಮನೆ?"

ಗಿಳಿ ಹಾಳೆಯನ್ನು ಅವನ ಮುಖಕ್ಕೆ ಹಿಡಿದಳು. "ಮನುಷ್ಯರು ಯಾರೂ ಇಲ್ಲ ಅಂತ ಬರ್ದಿದಾರೆ, ನೋಡಿ ಸಾರ್. ಇಲ್ದಿರೋಳನ್ನ ಹೇಗ್ ಹಿಡೀತೀರಿ?"

ಪೇದೆ ಹಾಳೆ ನೋಡಲಿಲ್ಲ. ಹಿಡಿತ ಬಿಗಿಯಾಯಿತು. ಕಿಟಕಿಯಾಚೆ ಟಕಟಕ ನಿಂತಿತ್ತು.

"ಮುಂದೆ ಓದೇ" ಅತ್ತೆಯ ದನಿ. "ಮುಂದೆ ಏನ್ ಬರ್ದಿದಾರೆ ಓದೇ!"

ಗಿಳಿ ಅವನು ಹಿಡಿಯದ ಇನ್ನೊಂದು ಕೈಯಲ್ಲಿ ಹಾಳೆ ತಿರುವಿದಳು.