ವೇಗ ಇಳಿಸು

ಡುಂಕ್, ಮತ್ತೆ ಕಂಪ್ಯೂಟರಿನ ಅದೇ ಸದ್ದು, ಮಿಕ್ಸಿ ಓಡುತ್ತಿದ್ದರೂ ಅಡುಗೆಮನೆಗೆ ಕೇಳಿಸಿತು, ಕ್ಯಾಮೆರಾ ಹೋಯಿತು, ಅಂದರೆ ಸಿದ್ದೇಶರ ಬಾಯಿ ಹೋಯಿತು, ಪರದೆಯ ಕೆಳಗೆ ಅಂಟಿಸಿರುವ ಆ ಕಪ್ಪು ಪಟ್ಟಿಯೇ ಅವರ ಕಣ್ಣನ್ನು ಹಿಂಬಾಲಿಸುವುದು, ಅವರು ಯಾವ ಅಕ್ಷರ ನೋಡಿದರೂ ನೀಲಿ ಚುಕ್ಕೆ ಅದರ ಮೇಲೆ ಕೂರುತ್ತದೆ, ಅಕ್ಷರ ಕೂಡಿದ ಮೇಲೆ ಕಂಪ್ಯೂಟರ್ ಓದಿ ಹೇಳುತ್ತದೆ — ನರದ ಕಾಯಿಲೆ ಕೈ, ಕಾಲು, ಕೊನೆಗೆ ನಾಲಿಗೆಯನ್ನೂ ಕಸಿದ ಮೇಲೆ ನನ್ನ ಗಂಡನಿಗೆ ಉಳಿದದ್ದು ಕಣ್ಣು, ಆ ಕಣ್ಣಿಗೂ ಒಂದು ಯುಎಸ್‌ಬಿ ವಯರು, ಇರಲಿ, ಅದಾದರೂ ಬಂತಲ್ಲ, ಮೊದಲ ದಿನ ಅದು ಧರಣಿ ಎಂದು ನನ್ನ ಹೆಸರು ಕರೆದಾಗ ನಾನು ಕುಕ್ಕರ್ ಮುಚ್ಚಳ ಹಿಡಿದುಕೊಂಡೇ ಅತ್ತಿದ್ದೆ. ಈಗ ಅತ್ತೆ ಇಲವಾಲದಿಂದ ಮಗನ ಮಾತು ಕೇಳಲೆಂದೇ ಬಂದು ಮಂಚದ ಪಕ್ಕ ಕೂತಿದ್ದಾರೆ, ಅವ್ವ ಅಂದು ಅಂಗೇ ನಿಂತೋಯ್ತು ಕಣಮ್ಮ, ಮುಂದಕ್ಕೇನಂತೆ? ಬಂದೆ ಅತ್ತೆ, ಎಂದು ಸೆರಗಿಗೆ ಕೈ ಒರೆಸಿಕೊಂಡು ವಯರು ಕಿತ್ತು ಚುಚ್ಚುತ್ತೇನೆ, ಬರುತ್ತದೆ, ಹೋಗುತ್ತದೆ, ಹಿಂದಿನ ಪೋರ್ಟು ಆಯಿತು, ಮುಂದಿನದು ಆಯಿತು, ಕರೆಂಟ್ ಉಳಿಸುವ ಸೆಟ್ಟಿಂಗ್ ತೆಗೆದದ್ದಾಯಿತು, ಹೂಟಗಳ್ಳಿಯ ಫ್ಯಾಕ್ಟರಿಯಲ್ಲಿ ಇವರ ಪಕ್ಕದಲ್ಲೇ ಕೂತು ಯಂತ್ರದ ಡ್ರಾಯಿಂಗ್ ಮಾಡುತ್ತಿದ್ದ ಚಂದ್ರು ಶಿಫ್ಟ್ ಮುಗಿಸಿ ಮಂಡಿ ಮೊಹಲ್ಲಾ ಸುತ್ತಿ ದಪ್ಪನೆಯ ಕೇಬಲ್ ತಂದುಕೊಟ್ಟ, ಅತ್ಗೆ, ಇದೊಂದ್ ಹಾಕ್ ನೋಡ್ಬುಡಿ, ಅದಕ್ಕೂ ಜಗ್ಗಲಿಲ್ಲ, ಆದರೂ ಚಂದ್ರು ಚೆನ್ನಾಗಿರಲಿ, ಬಂದಾಗಲೆಲ್ಲ ಇವರ ಕಣ್ಣು ನೋಡಿಯೇ ಮಾತಾಡುತ್ತಾನೆ, ನನ್ನ ಕಡೆ ತಿರುಗಿ ಹೆಂಗಿದ್ದಾನೆ ಎಂದು ಕೇಳುವುದಿಲ್ಲ.

ಚುಕ್ಕೆ ಬಂತು, ವ, ಏತ್ವ, ಗ, ವೇಗ ಎಂದಿತು ಯಂತ್ರ, ಡುಂಕ್, ನನಗೆ ಸಿಟ್ಟು ಬಂತು, ಮಾಡ್ತಾನೇ ಇದೀನಲ್ರೀ, ಇನ್ನೆಷ್ಟು ಬೇಗ ಮಾಡ್ಲಿ, ಅವರು ಕಣ್ಣು ಅಗಲಿಸಿದರು, ಅಗಲಿಸಿದರೆ ಅಲ್ಲ ಎಂದು, ಮುಚ್ಚಿದರೆ ಹೌದು ಎಂದು, ಅದು ಕ್ಯಾಮೆರಾ ಬರುವ ಮುಂಚಿನ ನಮ್ಮಿಬ್ಬರ ಭಾಷೆ, ಮತ್ತೆ ಚುಚ್ಚಿದೆ, ಈ ಸಲ ಇಳಿಸು ಎಂದಿತು, ಡುಂಕ್, ವೇಗ, ಇಳಿಸು — ಅಯ್ಯೋ, ಈ ಕಂಪ್ಯೂಟರನ್ನು ಅವರೇ ಜೋಡಿಸಿದ್ದು, ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಓಡಿಸಬೇಕೆಂದು ಭಾನುವಾರಗಳೆಲ್ಲ ಕೂತು ಓವರ್‌ಕ್ಲಾಕ್ ಮಾಡಿದ್ದು, ನೋಡೇ ಧರಣಿ, ಕುದ್ರೆ ಕಣೇ ಇದು, ಆಗ ಎರಡೂ ಕೈ ಆಡಿಸುತ್ತಿದ್ದರು. ಆಫ್ ಮಾಡಿ ಆನ್ ಮಾಡಿ ಡಿಲೀಟ್ ಒತ್ತಿ ಬಯಾಸ್ ಎನ್ನುವ ಬುಡದ ಸೆಟ್ಟಿಂಗಿನ ಒಳಗೆ ಹೋದೆ, ಅಲ್ಲಿ ಕ್ಯಾಮೆರಾ ಕೆಲಸ ಮಾಡುವುದಿಲ್ಲ, ನಾನು ಒಂದೊಂದು ಸಾಲಿನ ಮೇಲೆ ಬೆರಳಿಟ್ಟು ಓದುವುದು, ಅವರು ಕಣ್ಣು ಅಗಲಿಸುವುದು, ಇದಾ ರೀ, ಅಲ್ಲ, ಇದಾ, ಅಲ್ಲ, ಬೇಸ್ ಕ್ಲಾಕ್, ಮುಚ್ಚಿದರು. ಬೋರ್ಡಿನ ಮೂಲ ಬಡಿತವನ್ನೇ ಏರಿಸಿಟ್ಟಿದ್ದರು, ಪ್ರೊಸೆಸರ್ ತಾಳಿಕೊಂಡಿತ್ತು, ಯುಎಸ್‌ಬಿ ತಾಳಲಿಲ್ಲ, ಅದಕ್ಕೇ ಕ್ಯಾಮೆರಾ ಹೋಗುತ್ತಿದ್ದದ್ದು. ಮೊದ್ಲಿದ್ದಂಗೇ ಮಾಡ್ಬುಡ್ಲಾ ರೀ? ಅಗಲಿಸಲೂ ಇಲ್ಲ, ಮುಚ್ಚಲೂ ಇಲ್ಲ, ಪರದೆಯನ್ನೇ ನೋಡುತ್ತಿದ್ದರು, ನಾನು ಮತ್ತೆ ಕೇಳಲಿಲ್ಲ, ಅವರ ಪಾಲಿಗೆ ಓಡುತ್ತಿದ್ದದ್ದು ಈ ಮನೆಯಲ್ಲಿ ಅದೊಂದೇ, ನಿಧಾನಕ್ಕೆ ಮುಚ್ಚಿದರು, ತೆರೆದರು, ನನ್ನನ್ನು ನೋಡಿದರು, ನಾನು ಒತ್ತಿದೆ.

ಸದ್ದಿಲ್ಲ. ಒಗ್ಗರಣೆ ಮುಗಿಯಿತು, ಡುಂಕ್ ಇಲ್ಲ, ಅನ್ನ ಬಸಿದೆ, ಸದ್ದಿಲ್ಲ, ಮಾತು ಮಾತ್ರ, ಅವ್ವ ನಿನ್ ಮಂಡಿನೋವು ಎಂಗದೆ, ಯಂತ್ರದ ಗಂಡಸಿನ ದನಿ, ವಾರ್ತೆ ಓದುವವರ ಹಾಗೆ, ಅತ್ತೆಗೆ ಅದೇನೂ ಅಡ್ಡಿಯಾಗಲಿಲ್ಲ, ನನ್ ಮಂಡಿಗೇನ್ಲಾ ಬುಡು ಮಗ ಎಂದು ಶುರುಮಾಡಿ ಮಂಡಿ, ಎಣ್ಣೆ, ಬಸ್ಸಿನ ಮೆಟ್ಟಿಲು, ಎಷ್ಟು ದಿನದಿಂದ ಕಟ್ಟಿಟ್ಟುಕೊಂಡಿದ್ದರೋ, ಯಾರಿಗೆ ಕೈ ಮುಗಿಯಲಿ, ಕ್ಯಾಮೆರಾ ಮಾಡಿದವರಿಗೋ, ಚಂದ್ರುವಿಗೋ, ತನ್ನ ಕುದುರೆಯನ್ನು ತಾನೇ ಕಟ್ಟಿಹಾಕಿದ ಇವರಿಗೋ. ಆಮೇಲೆ ಯಂತ್ರದ ದನಿ ನಿಂತಿತು. ಧರಣಿ, ಬಾರಮ್ಮಾ, ಮತ್ತೆ ಕೆಟ್ಟೋಯ್ತು ಕಣಮ್ಮ, ಸೌಟು ಹಿಡಿದೇ ಓಡಿದೆ, ನೋಡಿದೆ, ಕೆಟ್ಟಿಲ್ಲ ಅತ್ತೆ, ಯೋಚ್ನೆ ಮಾಡ್ತಾವ್ರೆ ಅಷ್ಟೇ, ಮಾಡ್ಲಿ ಬುಡಿ, ಚುಕ್ಕೆ ಮ ಹತ್ತಿರ ಹೋಯಿತು, ಕೂರಲಿಲ್ಲ, ನ ಕಡೆಗೆ ತಿರುಗಿತು, ಅಲ್ಲೂ ಕೂರಲಿಲ್ಲ, ಯಾವ ಅವಸರವೂ ಇಲ್ಲದೆ, ಆ ನೀಲಿ ಚುಕ್ಕೆ —