ರಾಟೆಯ ಎರಡನೇ ಹಿಡಿ

"ಕೈ ಬರ್ತಾ ಇಲ್ಲ ಗೊಯ್ಕೊ. ನೋಡಿಲ್ಲಿ, ಹೇಗೆ ಊದಿದೆ."

ಸ್ಟಾನಾ ಎಡಗೈಯನ್ನು ಗಂಡನ ಮುಂದೆ ಚಾಚಿದಳು. ಅವನು ನೋಡಲಿಲ್ಲ. ಗಣಿಯ ಗುಂಡಿಯ ಬಾಯಿಯಲ್ಲಿ ಕಾಲು ಇಳಿಬಿಟ್ಟು ಕೂತು, ಹಗ್ಗದ ಕುಣಿಕೆಗೆ ಒಂದು ಪಾದ ತೂರಿಸಿ, ಜಿಲೆಟಿನ್ ಕಡ್ಡಿಗಳ ಚೀಲವನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದ.

"ಬಲಗೈ ಇದೆಯಲ್ಲ," ಅಂದ. "ದೇವರು ಎರಡು ಕೊಟ್ಟಿರೋದು ಅದಕ್ಕೇ."

"ಇವತ್ತೊಂದು ದಿನ ಥಾನಾಸಿನ ಕರೀಲಾ? ಪಕ್ಕದ ಗುಂಡೀಲೇ ಇದಾನೆ."

"ಕರಿಯೇ, ಕರಿ. ಕೈ ತೋರ್ಸು. ಹೇಗಾಯ್ತು ಅಂತ ಕೇಳ್ತಾನೆ, ಅದನ್ನೂ ಹೇಳು. ಆಮೇಲೆ ಸಾಯಂಕಾಲ ಮನೆಗೆ ಬಾ."

ಅವಳು ಸೊಂಟವನ್ನು ಹಗ್ಗ ಸುತ್ತಿದ್ದ ರಾಟೆಯ ದಿಮ್ಮಿಗೆ ಒತ್ತಿ, ಬಲಗೈಯಿಂದ ಹಿಡಿ ತಡೆದು, ಅವನನ್ನು ಇಂಚಿಂಚಾಗಿ ಇಳಿಸಿದಳು. ಅವನೂ ಕಾಲಿನಿಂದ ಗೋಡೆ ಒದೆಯುತ್ತ ಇಳಿದ. ಅರವತ್ತು ಅಡಿ. ತಳ ಮುಟ್ಟಿ ಹಗ್ಗ ಸಡಿಲವಾಗುವ ಹೊತ್ತಿಗೆ ಅವಳ ಅಂಗಿಯ ಬೆನ್ನು ಪೂರಾ ತೊಯ್ದಿತ್ತು. ಇನ್ನೂ ಬೆಳಗಿನ ಒಂಬತ್ತು ಗಂಟೆ.

ಸುತ್ತ ಎಲ್ಲರೂ ರಾಟೆಗೆ ಮೋಟರ್ ಕೂರಿಸಿಕೊಂಡಿದ್ದರು. ಹೆಂಡತಿ ಇರುವಾಗ ಮೋಟರ್ ಯಾಕೆ ಎನ್ನುವವನು ಗೊಯ್ಕೊ. ಏಣಿಯೂ ಇಲ್ಲ, ಏಣಿಗೆ ಬೇಕಾದ ಮರ ಈ ಮರುಭೂಮಿಯಲ್ಲಿ ಎಲ್ಲಿದೆ ಎನ್ನುತ್ತಿದ್ದ. ಸರ್ಬಿಯಾದಿಂದ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಬಂದು, ಅಲ್ಲಿಂದ ಎರಡು ದಿನ ದೂಳು ಕುಡಿದು ಓಪಲ್ ಹರಳು ಸಿಗುವ ಈ ಗಣಿಯೂರು ಸೇರಿ ಹನ್ನೊಂದು ವರ್ಷವಾಗಿತ್ತು. ಹನ್ನೊಂದು ವರ್ಷದಲ್ಲಿ ಅವನು ಇಳಿದದ್ದೆಷ್ಟೋ ಸಲ, ಅಷ್ಟೂ ಸಲ ಮೇಲೆತ್ತಿದವಳು ಇವಳೇ.

ಕೈ ಹೋದದ್ದು ಒಂದು ಬಕೆಟ್ ನೀರಿಗೆ. ನೀರಿನ ಲಾರಿ ಬರುವುದು ಶನಿವಾರ. ಬುಧವಾರ ಅವಳು ತಲೆಗೆ ನೀರು ಹಾಕಿಕೊಂಡಳು. ಮೂರು ವಾರದ ದೂಳು ನೆತ್ತಿಯಲ್ಲಿ ಗಾರೆಯ ಹಾಗೆ ಕೂತಿತ್ತು, ತಡೆಯಲಾಗಲಿಲ್ಲ. ಗೊಯ್ಕೊ ಒಳಗೆ ಬಂದವನು ಒದ್ದೆ ಕೂದಲು ನೋಡಿದ, ಬಕೆಟ್ ನೋಡಿದ. ಅವಳ ಎಡಗೈ ಎಳೆದು, ಬಂಡೆಯಲ್ಲೇ ಕೊರೆದ ಊಟದ ಕಟ್ಟೆಯ ಅಂಚಿಗೆ ಇಟ್ಟು, ಮೇಲೆ ತನ್ನ ಮಂಡಿ ಊರಿದ. ಲಟಕ್ಕೆಂದಿತು. ಬಿಸಿಲಿಗೆ ಹೆದರಿ ಊರಿಗೆ ಊರೇ ನೆಲದೊಳಗೆ ಮನೆ ಕೊರೆದುಕೊಂಡಿದೆ. ತಂಪಾಗಿರುತ್ತವೆ ಆ ಮನೆಗಳು, ಒಪ್ಪಬೇಕು. ಇನ್ನೊಂದು ಅನುಕೂಲವೂ ಉಂಟು: ಒಳಗೆ ಎಷ್ಟು ಅರಚಿದರೂ ಹೊರಗೊಂದು ನರಪಿಳ್ಳೆಗೂ ಕೇಳುವುದಿಲ್ಲ.

ಕೆಳಗಿನಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಹತ್ತು ಮಾರು ಆಚೆ, ಎಸೆದ ಮಣ್ಣಿನ ದಿಬ್ಬದ ಮೇಲೆ ಎಡ್ನಾ ಕೂತು ಜರಡಿ ಆಡಿಸುತ್ತಿದ್ದಳು. ಎಡ್ನಾ ಈ ನೆಲದವಳೇ, ಕಪ್ಪು ಹೆಂಗಸು, ಅರವತ್ತು ದಾಟಿದ್ದಳು. ಗಣಿಯವರ ಕಣ್ಣು ತಪ್ಪಿದ ಓಪಲ್ ಚೂರುಗಳನ್ನು ಹೆಕ್ಕಿ ಮೂವರು ಮೊಮ್ಮಕ್ಕಳನ್ನು ಸಾಕುತ್ತಿದ್ದಳು.

"ತಂಗಿ, ಆ ಕೈ ಏನೇ? ಬ್ರೆಡ್ಡಿನ ಹಾಗೆ ಉಬ್ಬಿದೆ."

"ಬಿದ್ದೆ, ಎಡ್ನಕ್ಕ."

"ನೀನು ಬೀಳೋದು ಜಾಸ್ತಿ ಆಯ್ತು. ನಮ್ಮ ಅಜ್ಜಿ ಮುದುಕಿ ಆದ್ಮೇಲೂ ಇಷ್ಟು ಬಿದ್ದಿರಲಿಲ್ಲ," ಎಂದು ಎಡ್ನಾ ದಿಬ್ಬದ ಮೇಲೆ ಉಗಿದಳು. "ಅವನೇ ಅಲ್ವಾ? ಮುಂದೊಂದು ದಿನ ಅವನೂ ಬೀಳಬೇಕು, ಹಾಳಾದೋನು."

ಸ್ಟಾನಾ ಗುಂಡಿಯ ಕಡೆ ತಿರುಗಿದಳು. ಕೆಳಗೆ ಸುತ್ತಿಗೆ ನಿಂತಿತ್ತು. ತೂತುಗಳಿಗೆ ಕಡ್ಡಿ ತುಂಬಿ, ಬತ್ತಿ ಹಚ್ಚಿ, ಕುಣಿಕೆಗೆ ಕಾಲಿಟ್ಟು ಅವನು ಕೂಗುತ್ತಾನೆ. ಕೂಗಿದ ಮೇಲೆ ಕಡ್ಡಿ ಸಿಡಿಯಲು ಮೂರು ನಿಮಿಷ. ಎರಡೂ ಕೈ ಸರಿ ಇದ್ದರೆ ಅವಳಿಗೆ ಎರಡು ಸಾಕು.

"ಎಳಿಯೇ!"

ಎಳೆದಳು. ಬಲಗೈಯಲ್ಲಿ ಒತ್ತಿ, ಎಡ ಮೊಣಕೈಯನ್ನು ಹಿಡಿಯ ಕೆಳಗೆ ಕೊಟ್ಟು ಎತ್ತಿ, ಒಂದು ಸುತ್ತು, ಎರಡು ಸುತ್ತು. ಐದನೆಯ ಸುತ್ತಿಗೆ ಹಿಡಿ ಜಾರಿ ಊದಿದ ಮಣಿಕಟ್ಟಿಗೇ ಬಡಿಯಿತು. ಕಣ್ಣು ಕತ್ತಲಿಟ್ಟಿತು. ರಾಟೆ ಗಿರ್ರನೆ ಹಿಂದೆ ಸುತ್ತಿತು. ಅವಳು ಕಾಲಿನಿಂದ ತಡೆಗೊಂಡಿ ಒದ್ದಳು, ಅದು ರಾಟೆಯ ಹಲ್ಲಿಗೆ ಕಚ್ಚಿ ನಿಂತಿತು. ಗೊಯ್ಕೊ ತಳದಿಂದ ಎರಡಾಳೆತ್ತರದಲ್ಲಿ, ಉರಿಯುವ ಬತ್ತಿಗಳ ನೆತ್ತಿಯ ಮೇಲೆ, ನೇತಾಡುತ್ತಿದ್ದ.

"ಏ ಕತ್ತೆ! ಸತ್ತೆಯೇನೇ ಮೇಲೆ? ಎಳಿ!"

"ಕೈ..."

"ನಿನ್ನ ಕೈ ಮನೆ ಹಾಳಾಗ! ಮೇಲೆ ಬರ್ತೀನಿ ತಾಳು, ಇನ್ನೊಂದನ್ನೂ ಮುರೀತೀನಿ! ಎಳಿಯೇ!"

ಎಡ್ನಾ ಜರಡಿ ಬಿಸಾಕಿ ಓಡಿಬಂದಳು. ಒಂದೇ ನೋಟಕ್ಕೆ ಅವಳಿಗೆ ಎಲ್ಲ ತಿಳಿಯಿತು. ಆಚೆ ಬದಿಗೆ ಹೋಗಿ ರಾಟೆಯ ಎರಡನೇ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದಳು.

"ನಾನಿದ್ದೀನಿ. ಕೊಂಡಿ ತೆಗಿ ತಂಗಿ. ಹೂಂ!"

ಸ್ಟಾನಾ ಕೊಂಡಿಯ ಮೇಲೆ ಕಾಲಿಟ್ಟಳು. ತೆಗೆಯಲಿಲ್ಲ.

"ಬೇಡ," ಅಂದಳು. "ಇರು."

ತನ್ನ ಬಾಯಿಂದಲೇ ಬಂತೇ ಈ ಮಾತು ಎಂದು ಅವಳಿಗೇ ದಿಗಿಲಾಯಿತು. ಆದರೆ ಕಾಲು ಕದಲಲಿಲ್ಲ. ಹೊಟ್ಟೆಯೊಳಗಿಂದ ಎಂಥದೋ ಸಂತೋಷ ಎದ್ದು ಬರುತ್ತಿತ್ತು, ಹೊಲಸು ಸಂತೋಷ, ನಾಚಿಕೆಗೇಡಿನದು. ಅದು ಬೇಕೆನಿಸಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನು ಕಾಯುತ್ತಿದ್ದ, ಇವಳು ಕಾಯಿಸುತ್ತಿದ್ದಳು.

"ಸ್ಟಾನಾ." ಕೆಳಗಿನ ದನಿ ಇಳಿದಿತ್ತು. "ಸ್ಟಾನಾ, ಕೇಳು. ಬತ್ತಿ ಉರೀತಾ ಇದೆ ಕಣೇ. ನಂಗೆ ಕಾಣ್ತಾ ಇದೆ. ಇಷ್ಟೇ ಇಷ್ಟು ಉಳಿದಿದೆ."

ಅವಳ ಕಾಲು ಕೊಂಡಿಯ ಮೇಲೇ ಇತ್ತು.

"ಮೋಟರ್ ತರ್ತೀನಿ ಕಣೇ. ನಿಮ್ಮಮ್ಮನ ಆಣೆ. ನಾಳೇನೇ..." ಆಮೇಲೆ ಅವನು ಅಳತೊಡಗಿದ. ಮಾತಿಲ್ಲದ ಅಳು, ಎಳೆ ಮಗು ಅತ್ತ ಹಾಗೆ. ಗುಂಡಿಯ ಗೋಡೆಗೆ ಬಡಿದು ಬಡಿದು ಮೇಲೆ ಬರುತ್ತಿತ್ತು.

ಎಡ್ನಾ ಹಿಡಿ ಬಿಟ್ಟಿರಲಿಲ್ಲ. "ತಂಗಿ, ನನ್ನ ಮುಖ ನೋಡು. ಬಿಡೋದಾದ್ರೆ ಬಿಡು. ನಾನೇನೂ ನೋಡಿಲ್ಲ, ದಿಬ್ಬದ ಆಚೆ ಇದ್ದೆ. ಎತ್ತೋದಾದ್ರೆ ಎತ್ತು. ಹೀಗೆ ನಡುವೆ ನೇತು ಹಾಕ್ಬೇಡ. ಕಾಂಗರೂ ಹೊಡೆದ್ರೂ ನಾವು ಹೀಗೆ ಸಾಯಿಸಲ್ಲ."

ಸ್ಟಾನಾ ಕೊಂಡಿಯನ್ನು ಒದ್ದು ಬಿಡಿಸಿದಳು.

ಇಬ್ಬರೂ ತಿರುಗಿಸಿದರು. ಸ್ಟಾನಾ ಮುರಿದ ಕೈಯನ್ನೂ ಹಿಡಿಗೆ ಹಾಕಿದಳು, ಪ್ರತಿ ಸುತ್ತಿಗೂ ಗಂಟಲು ಹರಿಯುವಂತೆ ಅರಚಿದಳು. ಈಗ ಆಕಾಶದ ಕೆಳಗಿದ್ದಳು, ಕೇಳಿಸಿಕೊಳ್ಳುವವರೆಲ್ಲ ಕೇಳಿಸಿಕೊಂಡರು. ಥಾನಾಸಿ ತನ್ನ ಮೋಟರ್ ಬಿಟ್ಟು ಈ ಕಡೆ ಓಡಿ ಬರುವುದು ಕಂಡಿತು. ಹಗ್ಗ ದಿಮ್ಮಿಗೆ ಸುತ್ತುತ್ತಲೇ ಇತ್ತು. ಇನ್ನೇನು ಹದಿನೈದು ಅಡಿ, ಅಷ್ಟರಲ್ಲಿ ನೆಲ ಒಮ್ಮೆ ಅದುರಿತು.

ಗುಂಡಿಯ ಬಾಯಿಂದ ಬಿಳಿ ದೂಳು ಭುಸ್ಸೆಂದು ಎದ್ದು ಇಬ್ಬರನ್ನೂ ಮುಚ್ಚಿತು. ಕಲ್ಲಿನ ಚೂರುಗಳು ನೆರಳಿಗೆ ಹಾಕಿದ್ದ ತಗಡಿನ ಮೇಲೆ ಆಲಿಕಲ್ಲಿನಂತೆ ಸುರಿದವು. ಕಿವಿ ಮುಚ್ಚಿಹೋಗಿತ್ತು. ಹಗ್ಗ ಮಾತ್ರ ಭಾರವಾಗಿಯೇ ಇತ್ತು. ಅವಳು ತಿರುಗಿಸಿದಳು. ಥಾನಾಸಿ ಬಂದು ಹೊಟ್ಟೆಯ ಮೇಲೆ ಮಲಗಿ, ಗುಂಡಿಗೆ ಕೈ ಚಾಚಿ, ಗೊಯ್ಕೊನನ್ನು ಕಂಕುಳಿಗೆ ಕೈ ಹಾಕಿ ಎಳೆದು ಹಾಕಿದ. ಕುಣಿಕೆಯಲ್ಲಿದ್ದ ಪಾದ ಪಾದದ ಹಾಗಿರಲಿಲ್ಲ. ಹಗ್ಗ ಹಿಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಬೆರಳುಗಳೂ ರಕ್ತದಲ್ಲಿ ಮುದ್ದೆಯಾಗಿದ್ದವು, ಆದರೂ ಹಗ್ಗ ಬಿಟ್ಟಿರಲಿಲ್ಲ.

ಪೊಲೀಸಿನವನು ಮಧ್ಯಾಹ್ನ ಬಂದ. ಊದಿ ನೀಲಿಗಟ್ಟಿದ ಮಣಿಕಟ್ಟು ನೋಡಿ ನಾಲಿಗೆ ಲೊಚಗುಟ್ಟಿದ.

"ಇಂಥ ಕೈ ಇಟ್ಕೊಂಡು ರಾಟೆಗೆ ಯಾಕಮ್ಮಾ ನಿಂತೆ?"

"ಅವನು ನಿಲ್ಲು ಅಂದ."

"ಕೈ ಇರದಿದ್ರೂ ಎತ್ತಿದಾಳೆ ಸಾಹೇಬ್ರೇ, ಬರ್ಕೊಳ್ಳಿ," ಎಂದಳು ಎಡ್ನಾ. ಅವನು ಅವಳ ಕಡೆ ತಿರುಗಲೂ ಇಲ್ಲ. ಕಪ್ಪು ಹೆಂಗಸಿನ ಮಾತು ಬರೆದುಕೊಳ್ಳುವ ಪದ್ಧತಿ ಅವನಿಗಿರಲಿಲ್ಲ. ಬರೆದದ್ದು ಎರಡೇ ಸಾಲು: ಹೆಂಡತಿಯ ಕೈ ಮೊದಲೇ ಮುರಿದಿತ್ತು, ಅಪಘಾತ. ಊರೂ ಹಾಗೇ ಹೇಳಿತು. ಸರ್ಬಿಯನ್ ಹೆಂಗಸರು ರೊಟ್ಟಿ, ಮಾಂಸದ ಸಾರು ತಂದಿಟ್ಟು ಹೋದರು. ಪುಣ್ಯವಂತೆ, ಮುರಿದ ಕೈಯಲ್ಲಿ ಗಂಡನ ಜೀವ ಉಳಿಸಿದಳು ಎಂದರು. ಸ್ಟಾನಾ ಆ ಸಾರನ್ನು ಮುಟ್ಟಲಿಲ್ಲ.

ಆಸ್ಪತ್ರೆಯವರು ಅವನ ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು. ಎರಡೂ ಕೈಗೆ ಬಟ್ಟೆ ಸುತ್ತಿದ್ದರು, ಚಮಚ ಹಿಡಿಯುವಂತಿರಲಿಲ್ಲ. ಅವಳ ಎಡಗೈ ಪ್ಲಾಸ್ಟರಿನಲ್ಲಿತ್ತು, ಬಲಗೈ ಸರಿಯಿತ್ತು. ದಿನಾ ಮಧ್ಯಾಹ್ನ ಬಂದು ತಿನ್ನಿಸುತ್ತಿದ್ದಳು. ಒಂಬತ್ತನೆಯ ದಿನ ಅವನು ತಟ್ಟೆಯಿಂದ ಮುಖ ತಿರುಗಿಸಿದ.

"ಒಂದು ಕೇಳ್ತೀನಿ."

"ಕೇಳು."

"ಎಡ್ನಾ ದನಿ ನಂಗೆ ಕೇಳ್ತಾ ಇತ್ತು. ಅವಳು ಬಂದ ಮೇಲೂ ಹಗ್ಗ ಅಲ್ಲಾಡ್ಲಿಲ್ಲ." ಅವಳ ಪ್ಲಾಸ್ಟರಿನ ಕೈ ನೋಡಿದ. "ಆಗ್ಲಿಲ್ವಾ? ಇಲ್ಲಾ ಬೇಕಂತ ನಿಲ್ಸಿದ್ಯಾ?"

ಪಕ್ಕದ ಮಂಚದಲ್ಲಿ ಯಾರೂ ಇರಲಿಲ್ಲ. ಕೈ ಮುರಿದಿತ್ತು ಎಂದರೆ ಮುಗಿಯುತ್ತಿತ್ತು. ಪೊಲೀಸಿನವನು ಬರೆದುಕೊಂಡಿದ್ದ, ಊರು ಒಪ್ಪಿಕೊಂಡಿತ್ತು. ನಾಳೆ ಇವನು ಊರುಗೋಲು ಹಿಡಿದು ಎದ್ದು ಬರುತ್ತಾನೆ, ಊರುಗೋಲು ಬಡಿಯಲಿಕ್ಕೂ ಆಗುತ್ತದೆ. ಅವಳಿಗೆ ಅದೆಲ್ಲ ಗೊತ್ತಿತ್ತು.

"ನಿಲ್ಸಿದೆ," ಅಂದಳು. "ಅವಳು ಹಿಡಿ ಹಿಡ್ಕೊಂಡಿದ್ಲು. ನಾನೇ ಬೇಡ ಅಂದೆ."

ಗೊಯ್ಕೊ ಅವಳ ಮುಖವನ್ನೇ ನೋಡಿದ. ಬಟ್ಟೆ ಸುತ್ತಿದ ಕೈ ಹೊದಿಕೆಯ ಮೇಲೆ ಒಮ್ಮೆ ಮೇಲೆದ್ದಿತು. ಅವಳು ಹಿಂದೆ ಸರಿಯಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತು, ಮತ್ತೆ ಹೊದಿಕೆಯ ಮೇಲೆ ಇಳಿಯಿತು.

ಸ್ಟಾನಾ ಸಾರಿನಲ್ಲಿ ಚಮಚ ಅದ್ದಿದಳು. ಬಿಸಿಯಿತ್ತು, ಊದಿ ಆರಿಸಿ ಅವನ ತುಟಿಯ ಹತ್ತಿರ ಹಿಡಿದಳು. ಅವನು ಚಮಚ ನೋಡಿದ, ಅದರ ಹಿಂದಿದ್ದ ಅವಳನ್ನು ನೋಡಿದ. ಅವಳು ಚಮಚ ಹಿಡಿದೇ ಇದ್ದಳು. ಆಮೇಲೆ ಅವನು ಬಾಯಿ ತೆರೆದ.