ಚಿಗವ್ವ ಇಲ್ಲದ ಚಿತ್ರಪಟ

ನಾನು ಒಂದು ಚಿತ್ರಪಟ. ಗೋಡೆಗೆ ತೂಗುಹಾಕುವ ಜಾತಿಯವನು. ಅಂಗಡಿಯವರು ನನ್ನನ್ನು ಚಾರ್ಟ್ ಎನ್ನುತ್ತಾರೆ. ನನ್ನ ನೆತ್ತಿಯ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ‘ಮೈ ಫ್ಯಾಮಿಲಿ’ ಎಂದು ಅಚ್ಚಾಗಿದೆ. ನಾನು ಹುಟ್ಟಿದ್ದು ತಮಿಳುನಾಡಿನ ಕಡೆಯ ಒಂದು ಛಾಪಖಾನೆಯಲ್ಲಿ. ಒಂದೇ ಮುಂಜಾನೆ ನನ್ನ ಜೊತೆ ಎರಡು ಸಾವಿರ ಅಣ್ಣತಮ್ಮಂದಿರು ಹುಟ್ಟಿದರು. ಎಲ್ಲರದೂ ಒಂದೇ ಮುಖ, ಒಂದೇ ಬಣ್ಣ, ಒಂದೇ ವಾಸನೆ.

ನನ್ನ ಮೈಮೇಲೆ ಒಂದು ಸಂಸಾರವಿದೆ. ಟೈ ಕಟ್ಟಿದ ಫಾದರ್, ಕೈಯಲ್ಲಿ ಕೇಕು ಹಿಡಿದ ಮದರ್, ಒಬ್ಬ ಬ್ರದರ್, ಒಬ್ಬಳು ಸಿಸ್ಟರ್, ಕೋಲೂರಿದ ಅಜ್ಜ, ಸ್ವೆಟರ್ ಹೆಣೆಯುವ ಅಜ್ಜಿ. ಬಲಕ್ಕೆ ಒಬ್ಬ ಅಂಕಲ್, ಒಬ್ಬಳು ಆಂಟ್, ಅವರ ಕೈ ಹಿಡಿದು ನಿಂತ ಒಬ್ಬಳು ಪುಟ್ಟ ನೀಸ್. ಇವರೆಲ್ಲರ ಕಾಲಬುಡದಲ್ಲಿ ಒಂದು ನಾಯಿ. ನನ್ನನ್ನು ಬರೆದ ಚಿತ್ರಗಾರ ಇಂಥ ಸಂಸಾರವನ್ನು ಕಣ್ಣಾರೆ ಕಂಡವನೇ ಅಲ್ಲವಂತೆ, ಹಳೆಯ ಬಿಸ್ಕತ್ತಿನ ಡಬ್ಬಿ ನೋಡಿ ಬರೆದನಂತೆ. ಆದರೂ ಹೆತ್ತವರಿಗೆ ಹೆಗ್ಗಣ ಮುದ್ದು. ನನ್ನನ್ನು ಒಣಹಾಕಿದ ದಿನ ಅವನು ಎರಡು ಸಲ ತಿರುಗಿ ನೋಡಿದ. ಅದನ್ನು ಕಂಡು ನನಗೂ ಜಂಬ ಬಂತು. ಲೋಕದ ಸಂಬಂಧಗಳೆಲ್ಲ ನನ್ನ ಒಂದು ಗಜದ ಮೈಯಲ್ಲಿ ಅಡಕವಾಗಿವೆ ಎಂದುಕೊಂಡೆ. ಎಂಥ ದಡ್ಡ ನಾನು!

ಹುಬ್ಬಳ್ಳಿಯ ಒಂದು ಅಂಗಡಿಯಿಂದ ನನ್ನನ್ನು ಮನೆಗೆ ಕರೆತಂದವರು ಗಲಗಲಿ ಟೀಚರ್. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಸುಮ್ಮನೆ ಕೂತರೆ ಮಂಡಿ ಹಿಡಿಯುತ್ತದೆಂದು ಪಡಸಾಲೆಯಲ್ಲಿ ಮಧ್ಯಾಹ್ನದ ಪಾಠ ಶುರು ಮಾಡಿದ್ದರು. ಬರುವವರೆಲ್ಲ ಓಣಿಯ ಗೃಹಿಣಿಯರು. ಊಟದ ತಾಟು ತೊಳೆದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ಟೀಚರ್ ಬೆತ್ತದ ಕಡ್ಡಿಯಿಂದ ನನ್ನನ್ನು ಮುಟ್ಟಿ ಮುಟ್ಟಿ ಹೇಳಿಕೊಡುತ್ತಿದ್ದರು.

ಮೊದಲ ವಾರವೇ ನನ್ನ ಜಂಬಕ್ಕೆ ಪೆಟ್ಟು ಬಿತ್ತು. ಹಿಂದಿನ ಸಾಲಿನ ಹೆಂಗಸೊಬ್ಬಳು ಅಂಕಲ್‌ನನ್ನು ತೋರಿಸಿ, “ಟೀಚರ್, ಇಂವ ಕಾಕಾನೋ ಮಾಮಾನೋ?” ಎಂದಳು.

“ಇಬ್ಬರಿಗೂ ಅಂಕಲ್ ಅಂತನ ಅಂತಾರವಾ.”

“ಅದ್ಹೆಂಗ್ರೀ? ಮಾಮಾನ್ನ ಲಗ್ನ ಆಗಬಹುದು, ಕಾಕಾನ್ನ ಆಗಾಕ ಬರ್ತೈತೇನ್ರೀ? ನಾ ನಮ್ಮ ಮಾಮಾಗ ಕೊಟ್ಟಾಕಿ. ಹಂಗಾರ ‘ಮೈ ಅಂಕಲ್ ಈಸ್ ಮೈ ಹಸ್ಬೆಂಡ್’ ಅನ್ನಲೇನ್ರೀ?”

ಪಡಸಾಲೆಯೆಲ್ಲ ನಗು. ಟೀಚರ್ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನೂ ನಕ್ಕೆ. ಆಗ ಅದು ನಗುವ ಮಾತಾಗಿಯೇ ಇತ್ತು.

ಆ ವರ್ಷದ ಶ್ರಾವಣದಲ್ಲಿ ಮಹಾನಂದಾ ಬಂದಳು. ಅವಳ ಗಂಡ ಮಲ್ಲೇಶಿ ಸಮುದ್ರದಾಚೆಯ ಒಂದು ಚಳಿ ದೇಶದಲ್ಲಿ ವೆಲ್ಡಿಂಗ್ ಕೆಲಸಕ್ಕೆ ಹೋಗಿ ನಾಲ್ಕು ವರ್ಷವಾಗಿತ್ತು. ಈಗ ಹೆಂಡತಿಯನ್ನೂ ಮಗಳನ್ನೂ ಕರೆಸಿಕೊಳ್ಳಲು ಅರ್ಜಿ ಹಾಕಿದ್ದ. ಅಲ್ಲಿಯ ಅಧಿಕಾರಿಗಳು ಅವಳನ್ನು ಇಂಗ್ಲಿಷ್‌ನಲ್ಲಿ ನಾಲ್ಕು ಮಾತು ಕೇಳುತ್ತಾರೆ, ಅಷ್ಟನ್ನು ದಾಟಿದರೆ ಮೂವರೂ ಒಂದೇ ಸೂರಿನಡಿ ಇರಬಹುದು. ಅವಳಿಗೆ ಬೇಕಿದ್ದದ್ದು ಅದೊಂದೇ.

ಟೀಚರ್ ಮೊದಲು ಗಂಡನ ಹೆಸರು ಕೇಳಿದರು. ಈ ಸೀಮೆಯಲ್ಲಿ ಹೆಂಡತಿ ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳುವುದಿಲ್ಲ, ಒಡಪು ಕಟ್ಟಿ ಅದರೊಳಗೆ ಹೇಳುತ್ತಾಳೆ. ಮಹಾನಂದಾ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೇಳಿದಳು:

“ಬಿಳಿಜ್ವಾಳದ ರೊಟ್ಟಿಗೆ ಬೆಣ್ಣಿ ಹಚ್ಚೀನಿ, ಮಲ್ಲೇಶಿಯವರ ಹೆಸರು ಮನಸಿನ್ಯಾಗ ಬಚ್ಚಿಟ್ಟೀನಿ.”

“ಆ ಅಧಿಕಾರಿ ಮುಂದ ಹಿಂಗಂದ್ರ, ರೊಟ್ಟಿ ಎಲ್ಲಿ ಅಂತ ಕೇಳ್ತಾರ ನೋಡವಾ,” ಎಂದರು ಟೀಚರ್. ಆಮೇಲೆ ಮನೆಯಲ್ಲಿ ಯಾರ್‍ಯಾರು ಇದ್ದೀರಿ ಎಂದು ಕೇಳಿದರು.

“ಮೈ ಹಸ್ಬೆಂಡ್. ಮೈ ಡಾಟರ್. ಐ ಆ್ಯಮ್ ಸ್ಮಾಲ್ ಮದರ್.”

“ಸ್ಮಾಲ್ ಮದರ್ ಅಂದ್ರೇನು, ಗಿಡ್ಡ ತಾಯೇನು?”

“ಚಿಗವ್ವ ರೀ, ಟೀಚರ್.”

ಎಲ್ಲರೂ ನಕ್ಕರು, ಅವಳು ನಗಲಿಲ್ಲ. ಮಿಕ್ಕವರು ಎದ್ದು ಹೋದ ಮೇಲೆ ಕತೆ ಹೇಳಿದಳು. ಅವಳು ಮಗಳೆಂದು ಸಾಕಿದ ಅಕ್ಷತಾ ಅವಳ ಅಕ್ಕ ನೀಲವ್ವನ ಮಗಳು. ನೀಲವ್ವ ಹಳ್ಳಿಯಲ್ಲಿ ಹೆತ್ತು, ದವಾಖಾನೆ ಮುಟ್ಟುವ ಮೊದಲೇ ದಾರಿಯಲ್ಲಿ ತೀರಿಕೊಂಡಳು. ಕೂಸಿನ ಅಪ್ಪ ಇನ್ನೊಬ್ಬಳನ್ನು ಕಟ್ಟಿಕೊಂಡು ಸೊಲ್ಲಾಪುರದ ಕಡೆ ಹೋದವನು ತಿರುಗಿ ನೋಡಲಿಲ್ಲ. ಹತ್ತೊಂಬತ್ತರ ಮಹಾನಂದಾ ಕೂಸನ್ನು ಎತ್ತಿಕೊಂಡಳು. ಮಲ್ಲೇಶಿ ಹೆಣ್ಣು ನೋಡಲು ಬಂದಾಗ, “ನನ್ನ ಕೂಡ ಒಂದ್ ಕೂಸು ಬರ್ತೈತಿ,” ಎಂದು ಎದುರಿಗೇ ಹೇಳಿದ್ದಳು. “ಬರ್ಲಿ ತಗೋ,” ಎಂದಿದ್ದ ಆ ಪುಣ್ಯಾತ್ಮ. ಜನನ ಪತ್ರ ಮಾಡಿಸುವಾಗ ಗುಮಾಸ್ತ ತಾಯಿ ಯಾರೆಂದು ಕೇಳಿದ, ಇವಳು ನಾನೇ ಎಂದಳು. ಅದು ಸುಳ್ಳೆಂದು ಅಲ್ಲಿದ್ದ ಯಾರಿಗೂ ಅನ್ನಿಸಲಿಲ್ಲ. ಅವ್ವನ ತಂಗಿ ಚಿಗವ್ವ, ಅವಳೂ ಅವ್ವನೇ ತಾನೆ? ಮಗುವಿಗೆ ಮಾತ್ರ ಈ ಯಾವುದೂ ಗೊತ್ತಿರಲಿಲ್ಲ. ಅದು ಅವಳನ್ನು ಅವ್ವಾ ಎಂದೇ ಕರೆಯುತ್ತಿತ್ತು.

ಟೀಚರ್ ಕೆಟ್ಟವರಲ್ಲ. ಆದರೆ ತಪ್ಪು ಇಂಗ್ಲಿಷ್ ಕೇಳಿದರೆ ಅವರಿಗೆ ಹಲ್ಲುನೋವು ಬಂದಂತಾಗುತ್ತಿತ್ತು. ಕಡ್ಡಿಯ ತುದಿ ನನ್ನ ಬಲಮಗ್ಗುಲಿಗೆ ಬಂತು.

“ಕನ್ನಡದಾಗ ನೀ ಏನರ ಅನ್ನು. ಇಂಗ್ಲಿಷ್‌ನಾಗ ಹೊಟ್ಟಿಲೆ ಹುಟ್ಟಿದಾಕಿ ಡಾಟರ್. ಅಕ್ಕನ ಮಗಳು ನೀಸ್. ನೀ ಆಕೀಗೆ ಆಂಟ್.”

“ಆಂಟಿ ಅಂದ್ರ ಬಾಜೂ ಮನಿಯಾಕಿ ಅಲ್ಲೇನ್ರೀ?”

“ಬಾಜೂ ಮನಿಯಾಕೀನೂ ಆಂಟೀನ. ಹೇಳು ನೋಡೂಣು.”

ಅವಳು ಹೇಳಿದಳು. ದಿನಕ್ಕೆ ಇಪ್ಪತ್ತು ಸಲ, ಎರಡು ತಿಂಗಳು. ಮನೆಯಲ್ಲಿ ಮಗುವಿನ ಕಿವಿಗೆ ಬೀಳಬಾರದೆಂದು ಪಡಸಾಲೆಯಲ್ಲೇ ಹೇಳುತ್ತಿದ್ದಳು. ಆ ದೇಶದ ಕಾನೂನಿನಲ್ಲಿ ಆ ಒಂದು ಶಬ್ದಕ್ಕೆ ಎಷ್ಟು ತೂಕವಿದೆಯೆಂದು ಟೀಚರಿಗೂ ತಿಳಿದಿರಲಿಲ್ಲ, ಅವಳಿಗೂ ತಿಳಿದಿರಲಿಲ್ಲ. ನನಗಂತೂ ನನ್ನ ಪಾಠವನ್ನು ಇಷ್ಟು ಶ್ರದ್ಧೆಯಿಂದ ಕಲಿಯುವವಳು ಸಿಕ್ಕಳಲ್ಲ ಎಂಬ ಹಿಗ್ಗು.

ಸಂದರ್ಶನ ನಡೆದದ್ದು ನನ್ನ ಎದುರಿಗೇ, ಟೀಚರ ಕಂಪ್ಯೂಟರಿನಲ್ಲಿ, ಒಂದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ. ಮಹಾನಂದಾ ಇಳಕಲ್ ಸೀರೆ ಉಟ್ಟಿದ್ದಳು. ಮಗುವೂ ಇರಬೇಕೆಂದು ಹೇಳಿದ್ದರಿಂದ ಅಕ್ಷತಾ ಎರಡು ಜಡೆ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದಳು. ಏಳು ವರ್ಷ, ಇಂಗ್ಲಿಷ್ ಮಾಧ್ಯಮದ ಎರಡನೆಯ ಇಯತ್ತೆ. ಪರದೆಯ ಮೇಲೆ ಬಂದ ಅಧಿಕಾರಿ ಹೆಂಗಸು, ಸೌಮ್ಯ ಸ್ವಭಾವದವಳು. ಗಂಡನ ಹೆಸರು ಕೇಳಿದಳು. ಮಹಾನಂದಾ ಒಡಪಿಲ್ಲದೆ ಹೇಳಿದಳು. ಊರು ಕೇಳಿದಳು, ಅದನ್ನೂ ಹೇಳಿದಳು. ಆಮೇಲೆ ಆಕೆ ಮಗುವಿನತ್ತ ನೋಡಿ ನಕ್ಕು, ಈ ಪುಟ್ಟ ಹುಡುಗಿ ಯಾರು ಎಂದಳು. ಅದು ಉಪಚಾರಕ್ಕೆ ಕೇಳಿದ ಮಾತು. ಮಗಳು ಎಂಬ ಉತ್ತರ ಆಕೆಯ ಮುಂದಿನ ಕಾಗದದಲ್ಲೇ ಇತ್ತು.

ಮಹಾನಂದಾ ಬೆನ್ನು ನೆಟ್ಟಗೆ ಮಾಡಿದಳು. ಎರಡು ತಿಂಗಳು ಕಾದಿದ್ದ ಪ್ರಶ್ನೆ ಬಂದೇಬಿಟ್ಟಿತ್ತು. ಪಕ್ಕದಲ್ಲಿ ಮಗು ನಿಂತಿದೆ ಎಂಬುದೂ ಅವಳಿಗೆ ಮರೆತುಹೋಯಿತು.

“ಶೀ ಈಸ್ ಮೈ ಸಿಸ್ಟರ್ಸ್ ಡಾಟರ್. ಶೀ ಈಸ್ ಮೈ ನೀಸ್. ಐ ಆ್ಯಮ್ ಹರ್ ಆಂಟ್.”

ಒಂದಕ್ಷರ ತಪ್ಪಿರಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಟೀಚರ್ ಶಾಭಾಸ್ ಎನ್ನಲು ಬಾಯಿ ತೆರೆದವರು, ಅಧಿಕಾರಿಯ ನಗು ಮಾಯವಾದದ್ದು ಕಂಡು ಅರ್ಧ ಎದ್ದರು. ಅಧಿಕಾರಿ ಕಾಗದ ನೋಡಿದಳು, ಮತ್ತೆ ಇವಳ ಮುಖ ನೋಡಿದಳು, ನಿಧಾನವಾಗಿ ಇನ್ನೊಮ್ಮೆ ಕೇಳಿದಳು. “ಎಸ್ ಮ್ಯಾಡಮ್, ನೀಸ್,” ಎಂದಳು ಇವಳು, ಇನ್ನೂ ಸ್ಪಷ್ಟವಾಗಿ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಇಲ್ಲಿ ಆಡಿದ ಮಾತಿನಲ್ಲಿ ತಪ್ಪೂ ಇರಲಿಲ್ಲ. ನನ್ನ ಸಂಕಟವೇ ಅದು.

ಪರದೆ ಆರಿದ ಮೇಲೆ ಅಕ್ಷತಾ ಸೆರಗು ಜಗ್ಗಿದಳು.

“ಅವ್ವಾ, ನಾ ಯಾರ ಮಗಳು?”

“ನನ್ನ ಮಗಳಽ. ಅದು ಇಂಗ್ಲಿಷ್ ಪುಟ್ಟಾ, ಅವರು ಹಂಗ ಅಂತಾರ.”

“ನನಗ ಇಂಗ್ಲಿಷ್ ಬರ್ತೈತಿ,” ಎಂದಿತು ಮಗು.

ಒಂದು ತಿಂಗಳಿಗೆ ಪತ್ರ ಬಂತು. ಟೀಚರ್ ಅದನ್ನು ಪಡಸಾಲೆಯಲ್ಲಿ ನಿಂತೇ ಓದಿದರು. ಹೆಂಡತಿ ಬರಬಹುದು. ಮಗು ತನ್ನ ಮಗಳಲ್ಲವೆಂದು ಆಕೆಯೇ ಹೇಳಿದ್ದಾಳೆ, ದತ್ತಕದ ಕಾಗದವಿಲ್ಲ, ಜನನ ಪತ್ರವನ್ನು ನಂಬಲಾಗದು, ಮಗು ಬರುವಂತಿಲ್ಲ. ಚಿಗವ್ವ ಎಂದರೇನು ಎಂದು ವಿವರಿಸಿ ಟೀಚರ್ ಮೂರು ಪತ್ರ ಬರೆದರು. ಮೂವತ್ತೊಂದು ವರ್ಷದ ಇಂಗ್ಲಿಷನ್ನೆಲ್ಲ ಸುರಿದು ಬರೆದರು. ಮೂರಕ್ಕೂ ಅದೇ ಉತ್ತರ. ದತ್ತಕ ಮಾಡಿಸೋಣವೆಂದರೆ ಹೆತ್ತ ಅಪ್ಪನ ಒಪ್ಪಿಗೆ ಬೇಕಂತೆ. ಸೊಲ್ಲಾಪುರದಲ್ಲಿ ಎಷ್ಟು ಹುಡುಕಿಸಿದರೂ ಅವನು ಸಿಗಲಿಲ್ಲ.

“ಕೂಸಿನ್ನ ನಮ್ಮವ್ವನ ಕಡೆ ಬಿಟ್ಟು ನೀ ಬಾ,” ಎಂದ ಮಲ್ಲೇಶಿ ಫೋನಿನಲ್ಲಿ. ಅವಳು ಹೋಗಲಿಲ್ಲ. ಅವನು ಎರಡು ಸಲ ಬಂದು ಹೋದ. ಆಮೇಲೆ ಫೋನು ವಾರಕ್ಕೊಮ್ಮೆ ಆಯಿತು, ಹಬ್ಬಕ್ಕೊಮ್ಮೆ ಆಯಿತು, ಕೊನೆಗೆ ನಿಂತಿತು. ಅವನನ್ನೂ ಬೈಯಲು ನನಗೆ ಬಾಯಿ ಬಾರದು. ಅಲ್ಲಿ ಒಬ್ಬನೇ ಎಷ್ಟು ವರ್ಷ ಬೇಯಿಸಿಕೊಂಡು ತಿಂದಾನು?

ಯಾರಿಗಾಗಿ ಅವಳು ಉಳಿದಳೋ ಆ ಹುಡುಗಿಯೂ ದೂರವಾದಳು. ಜಗಳವೇನಿಲ್ಲ. ಅವ್ವಾ ಎನ್ನುವುದನ್ನು ಬಿಟ್ಟಳು, ಅಷ್ಟೇ. ಚಿಗವ್ವ ಎಂದೂ ಅನ್ನಲಿಲ್ಲ. “ಕೇಳಿಲ್ಲಿ”, “ಊಟಕ್ಕ ಹಾಕು” ಎಂದು ಹೆಸರಿಲ್ಲದೆ ಮಾತಾಡುವುದನ್ನು ಕಲಿತಳು.

ಟೀಚರ್ ಪಾಠ ನಿಲ್ಲಿಸಿದರು. “ನಾ ಕಲಿಸಿದ್ದು ಬರೋಬ್ಬರಿನ ಇತ್ತಲ್ಲ,” ಎಂದು ಒಬ್ಬರೇ ಇದ್ದಾಗ ಹೇಳಿಕೊಳ್ಳುತ್ತಿದ್ದರು. ಮುಂದೆ ಅವರು ಮನೆ ಖಾಲಿ ಮಾಡಿ ಸಾಮಾನು ಹಂಚುವಾಗ ನನ್ನನ್ನು ಕೇಳಿ ಪಡೆದವಳು ಮಹಾನಂದಾ. ಒಲೆಗೆ ಹಾಕುತ್ತಾಳೆಂದುಕೊಂಡೆ, ಹಾಕಿದ್ದರೂ ನ್ಯಾಯವೇ ಆಗುತ್ತಿತ್ತು. ಅವಳು ನನ್ನನ್ನು ಬಾಡಿಗೆ ಖೋಲಿಯ ಹಸಿ ಗೋಡೆಗೆ, ಗಾರೆ ಉದುರಿ ಹುಡುಗಿಯ ಪುಸ್ತಕದ ಮೇಲೆ ಬೀಳದಂತೆ, ಮುಖ ಒಳಗೆ ಮಾಡಿ ಮೊಳೆ ಹೊಡೆದಳು. ಅಂದಿನಿಂದ ನಾನು ಗೋಡೆಯನ್ನೇ ನೋಡುತ್ತಿದ್ದೇನೆ. ನನ್ನ ಮದರಿನ ಕೇಕು ಬೂಸ್ಟು ಹಿಡಿದಿದೆ, ಅಂಕಲ್‌ನ ಮುಖ ಸುಣ್ಣಕ್ಕೆ ಅಂಟಿಹೋಗಿದೆ. ಕಾಣುವುದೇನೂ ಇಲ್ಲ, ಕೇಳಿಸುವುದಷ್ಟೇ.

ಮೊನ್ನೆ ಸಂಜೆ ಅಕ್ಷತಾ ಧಾರವಾಡದ ಒಂದು ಹಾಸ್ಟೆಲಿನ ಅರ್ಜಿ ತುಂಬುತ್ತಿದ್ದಳು. ಹತ್ತನೆಯ ಇಯತ್ತೆ ಮುಗಿದಿದೆ, ಮುಂದೆ ಅಲ್ಲಿಯೇ ಓದುತ್ತಾಳಂತೆ.

“ತಾ ಇಲ್ಲೆ, ನಾ ಓದ್ತೀನಿ,” ಎಂದಳು ಮಹಾನಂದಾ. ಕಲಿತ ಇಂಗ್ಲಿಷ್ ಎಲ್ಲಿಗೆ ಹೋಗುತ್ತದೆ? ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. “ಮದರ್ಸ್ ನೇಮ್... ಲೇಟ್... ನೀಲವ್ವ.” ಆ ಹೆಸರನ್ನು ಇನ್ನೊಮ್ಮೆ ಓದಿದಳು. “ಗಾರ್ಡಿಯನ್... ಮಹಾನಂದಾ. ರಿಲೇಶನ್... ಎ, ಯು, ಎನ್, ಟಿ.”

“ಖರೇನ ಬರೀಬೇಕು,” ಎಂದಳು ಹುಡುಗಿ, ಮೆಲ್ಲಗೆ. “ಬ್ಯಾರೆ ಬರದ್ರ ಮತ್ತ ಆಗಿನಂಗ ರಿಜೆಕ್ಟ್ ಮಾಡ್ತಾರ.”



“ಸ್ಪೆಲಿಂಗ್ ಬರೋಬ್ಬರಿ ಐತಿ,” ಎಂದಳು ಮಹಾನಂದಾ. ಅರ್ಜಿಯ ಕಾಗದ ಮತ್ತೆ ಹುಡುಗಿಯ ಕೈಗೆ ಹೋದ ಸದ್ದು ಕೇಳಿಸಿತು.

ನನ್ನಿಂದ ಎಷ್ಟೋ ಜನ ಕಲಿತರು, ಎಷ್ಟೋ ಜನ ಮರೆತರು. ಒಂದೂ ತಪ್ಪಿಲ್ಲದೆ ಕಲಿತವರು ಆ ತಾಯಿ ಮಗಳು ಇಬ್ಬರೇ.